ಬೇಕು, ತಕ್ಕದ್ದು, ಶಲ್: ಗಡಿಯ ಮಕ್ಕಳ ಇಂಗ್ಲಿಷ್ ಪಾಠ



ತೆಲಂಗಾಣದ ಗಡಿಯೂರು ಮಕ್ತಲ್‌ನ ಬಸ್ ನಿಲ್ದಾಣದಲ್ಲಿ ಒಂದು ಗಳಿಗೆ ನಿಂತು ಕಿವಿಗೊಟ್ಟರೆ ಒಂದೇ ಅಗತ್ಯ ಮೂರು ಭಾಷೆಗಳಲ್ಲಿ ಕೇಳಿಸುತ್ತದೆ. ‘ನಾ ರಾಯಚೂರಿಗಿ ಹೋಗಬೇಕು’ ಎನ್ನುತ್ತಾರೆ ಒಬ್ಬರು. ‘ನೇನು ರಾಯಚೂರು ವೆಳ್ಳಾಲಿ’ ಎನ್ನುತ್ತಾರೆ ಇನ್ನೊಬ್ಬರು. ‘ಮೇರೆಕು ರಾಯಚೂರು ಜಾನಾ ಹೈ’ ಎಂದು ಮತ್ತೊಬ್ಬರು. ಚಹಾದಂಗಡಿಯ ಮುಂದೆ ‘ನೀರು ಬೇಕು’, ‘ನೀಳ್ಳು ಕಾವಾಲಿ’, ‘ಪಾನಿ ಹೋನಾ’. ಆ ಕೊನೆಯ ‘ಹೋನಾ’ ದಿಲ್ಲಿ, ಲಖನೌ ಕಡೆಯ ಉರ್ದು ಅಲ್ಲ. ಅಲ್ಲಿಯವರು ‘ಚಾಹಿಯೇ’ ಎನ್ನುತ್ತಾರೆ. ಇದು ದಖನಿ. ನಮ್ಮ ನೆಲದ ಭಾಷೆಗಳ ಮಗ್ಗುಲಲ್ಲೇ ಬೆಳೆದ ಮಾತು.

ಈ ನಿಲ್ದಾಣದಲ್ಲಿ ಬೆಳೆದ ಮಗುವಿಗೆ ಅಗತ್ಯ, ಕಡ್ಡಾಯ, ನಿಷೇಧಗಳನ್ನು ಹೇಳುವ ಮೂರು ಏರ್ಪಾಡುಗಳು ಗೊತ್ತಿರುತ್ತವೆ. ಯಾರೂ ಕಲಿಸಿದ್ದಲ್ಲ. ಆ ಮಗು ಶಾಲೆಗೆ ಬಂದಾಗ ನಾಲ್ಕನೆಯದು ಎದುರಾಗುತ್ತದೆ: ಮಸ್ಟ್, ಹ್ಯಾವ್ ಟು, ಶುಡ್, ಆಟ್ ಟು, ನೀಡ್, ಶಲ್. ಇಂಗ್ಲಿಷ್ ವ್ಯಾಕರಣದಲ್ಲಿ ಇವನ್ನು ಮೋಡಲ್ ಕ್ರಿಯಾಪದಗಳೆನ್ನುತ್ತಾರೆ. ‘ಹ್ಯಾವ್ ಟು’ ಆ ಗುಂಪಿಗೆ ಅರ್ಧ ಸೇರಿದ್ದು. ಇಂದಿನ ನನ್ನ ಮಾತು ಇಷ್ಟೇ. ಈ ಪದಗಳನ್ನು ಗಡಿಯ ಮಕ್ಕಳಿಗೆ ಕನ್ನಡದ ಮೂಲಕವೇ ಕಲಿಸಬೇಕು, ಮತ್ತು ಪರೀಕ್ಷೆಯ ಅಂಕಕ್ಕಿಂತ ದೊಡ್ಡ ಕಾರಣಕ್ಕೆ ಕಲಿಸಬೇಕು. ನಿಮಗೆ ಸರ್ಕಾರ ಏನು ಮಾಡಬೇಕು ಎಂಬುದನ್ನು ಬರೆದಿಟ್ಟಿರುವುದು ಈ ಪದಗಳಲ್ಲಿ.

ಮೊದಲು ಪಾಠದ ಮಾತು. ಕನ್ನಡದ ‘ಬೇಕು’ ಒಂದೇ ಪದ, ಹೊರುವ ಹೊರೆ ದೊಡ್ಡದು. ‘ನನಗೆ ನೀರು ಬೇಕು’ ಎಂದಾಗ ಅದು ಬಯಕೆ. ‘ನಾನು ಓದಬೇಕು’ ಎಂದಾಗ ಕರ್ತವ್ಯ. ‘ಬಸ್ಸು ಇಷ್ಟೊತ್ತಿಗೆ ದೇವಸೂಗೂರು ದಾಟಿರಬೇಕು’ ಎಂದಾಗ ಊಹೆ. ಇಂಗ್ಲಿಷಿನ ‘ಮಸ್ಟ್’ ಕೂಡ ಕರ್ತವ್ಯವನ್ನೂ ಊಹೆಯನ್ನೂ ಒಟ್ಟಿಗೇ ಹೊರುತ್ತದೆ. ‘ಹೀ ಮಸ್ಟ್ ಬಿ ಅಟ್ ಹೋಮ್’ ಎಂದರೆ ‘ಮನೆಯಲ್ಲಿರಬೇಕು’ ಎಂದೇ. ಬಯಕೆಯನ್ನು ಮಾತ್ರ ಅದು ಹೊರುವುದಿಲ್ಲ, ಅದಕ್ಕೆ ‘ವಾಂಟ್’ ಬೇರೆ ಇದೆ. ನಮ್ಮ ಮಕ್ಕಳು ‘ಐ ವಾಂಟ್ ಟು ಗೋ’ ಎಂದು ಬರೆದಾಗ, ಆ ಮಗುವಿಗೆ ಹೋಗುವ ಆಸೆಯಿದೆಯೋ, ಹೋಗುವ ಅನಿವಾರ್ಯವಿದೆಯೋ ಎಂದು ಶಿಕ್ಷಕರು ಕನ್ನಡದಲ್ಲಿ ಒಮ್ಮೆ ಕೇಳಿದರೆ ಸಾಕು. ಉತ್ತರ ತಾನೇ ಬರುತ್ತದೆ.

‘ಮಸ್ಟ್’ ಮತ್ತು ‘ಹ್ಯಾವ್ ಟು’ಗಳ ನಡುವಿನ ಅಂತರವನ್ನು ಇಂಗ್ಲಿಷಿನಲ್ಲೇ ವಿವರಿಸಹೊರಟವರ ಕಷ್ಟ ನಾನು ಕಂಡಿದ್ದೇನೆ. ಹೇಳುವವನ ಮನಸ್ಸಿನಿಂದ ಹುಟ್ಟಿದ ಒತ್ತಾಯಕ್ಕೆ ‘ಮಸ್ಟ್’, ಹೊರಗಿನ ನಿಯಮವೋ ಪರಿಸ್ಥಿತಿಯೋ ತಂದ ಒತ್ತಾಯಕ್ಕೆ ‘ಹ್ಯಾವ್ ಟು’ ಎನ್ನುತ್ತವೆ ವ್ಯಾಕರಣಗಳು. ಮಗು ತಲೆಯಾಡಿಸುತ್ತದೆ, ತಲೆಗೆ ಹೋಗಿರುವುದಿಲ್ಲ. ಅದೇ ಮಗುವಿಗೆ ‘ಹೋಗಬೇಕು’ ಮತ್ತು ‘ಹೋಗಬೇಕಾಗ್ಯದ’ ಎರಡನ್ನೂ ಹೇಳಿ ನೋಡಿ. ಎರಡನೆಯದರಲ್ಲಿ ‘ಆಗು’ ಸೇರಿದ ಕೂಡಲೇ ಒತ್ತಡ ಹೊರಗಿನಿಂದ ಬಂತು ಎಂಬುದು ಅದಕ್ಕೆ ಗೊತ್ತು. ‘ಅಪ್ಪಗ ಆರಾಮಿಲ್ಲ, ಊರಿಗಿ ಹೋಗಬೇಕಾಗ್ಯದ’ ಎಂದು ಅದು ದಿನವೂ ಆಡುತ್ತದೆ. ಬೇಕು ಎಂದರೆ ಮಸ್ಟ್, ಬೇಕಾಗ್ಯದ ಎಂದರೆ ಹ್ಯಾವ್ ಟು. ಎಲ್ಲ ಕಡೆಗೂ ಹೊಂದದಿದ್ದರೂ ಮೊದಲ ಹೆಜ್ಜೆಗೆ ಇದು ಗಟ್ಟಿ ನೆಲ.

ಭೂತಕಾಲಕ್ಕೆ ಬಂದರೆ ಹೊಂದಿಕೆ ಇನ್ನೂ ಬಲವಾಗಿದೆ. ಕರ್ತವ್ಯ ಹೇಳುವ ‘ಮಸ್ಟ್’ಗೆ ಇಂದಿನ ಇಂಗ್ಲಿಷಿನಲ್ಲಿ ತನ್ನದೇ ಭೂತಕಾಲವಿಲ್ಲ, ‘ಹ್ಯಾಡ್ ಟು’ವನ್ನು ಎರವಲು ತರಬೇಕು. ‘ಬೇಕು’ವಿಗೂ ಇಲ್ಲ; ಅದೂ ‘ಆಗು’ವನ್ನೋ ‘ಇರು’ವನ್ನೋ ಆಸರೆಗೆ ಕರೆಯುತ್ತದೆ. ಹೀಗೆ ಕರೆದಾಗ ಎರಡು ಬೇರೆ ಬೇರೆ ಅರ್ಥಗಳು ಹುಟ್ಟುತ್ತವೆ. ‘ನಿನ್ನೆ ಗದ್ವಾಲಕ್ಕೆ ಹೋಗಬೇಕಾಯಿತು’ ಎಂದರೆ ಹೋಗಿ ಬಂದಾಗಿದೆ. ‘ನಿನ್ನೆ ಗದ್ವಾಲಕ್ಕೆ ಹೋಗಬೇಕಿತ್ತು’ ಎಂದರೆ ಹೋಗಲಿಲ್ಲ. ಮೊದಲನೆಯದು ‘ಹ್ಯಾಡ್ ಟು ಗೋ’, ಎರಡನೆಯದು ‘ಶುಡ್ ಹ್ಯಾವ್ ಗಾನ್’. ತೆಲುಗಿನ ಮನೆಯಿಂದ ಬಂದ ಮಗುವಿಗೂ ಇದೇ ಜೋಡಿ ಇದೆ: ‘ವೆಳ್ಳಾಲ್ಸಿ ವಚ್ಚಿಂದಿ’, ‘ವೆಳ್ಳಾಲ್ಸಿಂದಿ’. ಇಷ್ಟೆಲ್ಲ ಸಂಪತ್ತು ಮನೆಯಲ್ಲಿರುವ ಮಗು ‘ಐ ಮಸ್ಟ್ ವೆಂಟ್ ಯೆಸ್ಟರ್‌ಡೇ’ ಎಂದು ಬರೆಯುತ್ತಿದ್ದರೆ, ಅದರ ಬಾಯಲ್ಲಿರುವ ಭಾಷೆಯನ್ನು ತರಗತಿಯ ಬಾಗಿಲಲ್ಲೇ ನಿಲ್ಲಿಸಿ ನಾವು ಪಾಠ ಶುರುಮಾಡಿದ್ದೇವೆ ಎಂದೇ ಅರ್ಥ.

ನಿಷೇಧದ ಮಾತು ಹೆಚ್ಚು ಜಾಗರೂಕತೆ ಬೇಡುತ್ತದೆ. ಇಂಗ್ಲಿಷಿನಲ್ಲಿ ‘ಮಸ್ಟ್ ನಾಟ್’ ಎಂದರೆ ತಡೆ, ‘ನೀಡ್ ನಾಟ್’ ಅಥವಾ ‘ಡೋಂಟ್ ಹ್ಯಾವ್ ಟು’ ಎಂದರೆ ವಿನಾಯಿತಿ. ‘ಬರಬಾರದು’, ‘ಬರಕೂಡದು’ ಒಂದು ಕಡೆ. ‘ಬರಬೇಕಿಲ್ಲ’, ‘ಬರಬೇಕಾಗಿಲ್ಲ’ ಇನ್ನೊಂದು ಕಡೆ. ಈ ‘ಕೂಡದು’ ತೆಲುಗಿನಲ್ಲೂ ಹಾಗೆಯೇ ಇದೆ, ‘ರಾಕೂಡದು’. ಅಕ್ಕಪಕ್ಕದ ಎರಡು ಭಾಷೆಗಳೂ ಒಂದೇ ಪದದಿಂದ ಬೇಲಿ ಹಾಕಿರುವಾಗ ಗಡಿಯ ಮಗುವಿಗೆ ‘ಮಸ್ಟ್ ನಾಟ್’ ಅಪರಿಚಿತವಾಗಲು ಕಾರಣವಿಲ್ಲ. ತೊಡಕಿರುವುದು ‘ಬೇಡ’ದಲ್ಲಿ, ನಮ್ಮ ಕಡೆಯ ‘ಬ್ಯಾಡ’ದಲ್ಲಿ. ‘ನಾಳಿ ಬರೋದು ಬ್ಯಾಡ’ ಎಂದು ಮೇಷ್ಟ್ರು ಹೇಳಿದರೆ, ಬಂದರೆ ತಪ್ಪು ಎಂದೋ, ಬರುವ ತೊಂದರೆ ತೆಗೆದುಕೊಳ್ಳಬೇಡ ಎಂದೋ? ದನಿಯಲ್ಲಿ ತಿಳಿಯುತ್ತದೆ, ಕಾಗದದ ಮೇಲೆ ತಿಳಿಯುವುದಿಲ್ಲ. ಇಂಗ್ಲಿಷಿಗೆ ತಿರುಗಿಸುವ ಮುನ್ನ ‘ಬ್ಯಾಡ’ವನ್ನು ‘ಬಾರದು’ ಎಂದೋ ‘ಬೇಕಿಲ್ಲ’ ಎಂದೋ ಕನ್ನಡದಲ್ಲೇ ಒಡೆದು ಹೇಳಿಸಬೇಕು. ಔಷಧದ ಚೀಟಿ, ವಿದ್ಯುತ್ ಕಂಬದ ಫಲಕ, ಪರೀಕ್ಷೆಯ ಸೂಚನೆ ಇವುಗಳಲ್ಲಿ ಎರಡನ್ನೂ ಒಂದೆಂದು ಓದಿದರೆ ಅಪಾಯ.

ಇನ್ನು ಒಂದು ರಜೆ ಅರ್ಜಿಯನ್ನು ಹತ್ತಿರದಿಂದ ನೋಡೋಣ. ಇಂಥದ್ದು ಶಿಕ್ಷಕರಾದ ನಿಮ್ಮೆಲ್ಲರ ಮೇಜಿನ ಮೇಲೂ ಬಂದಿರುತ್ತದೆ. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆ, ಮೇಲೆ ‘ರೆಸ್ಪೆಕ್ಟೆಡ್ ಸರ್’, ಕೆಳಗೆ ‘ಯೂ ಮಸ್ಟ್ ಗಿವ್ ಮಿ ಟೂ ಡೇಸ್ ಲೀವ್’. ಓದಿದವರಿಗೆ ಹುಡುಗ ಹುಕುಂ ಮಾಡುತ್ತಿದ್ದಾನೆ ಅನ್ನಿಸುತ್ತದೆ. ಆದರೆ ಅವನ ಮನಸ್ಸಿನಲ್ಲಿ ಇದ್ದದ್ದು ‘ದಯವಿಟ್ಟು ನನಗೆ ಎರಡು ದಿನ ರಜೆ ಕೊಡಬೇಕು’. ಕನ್ನಡದಲ್ಲಿ ‘ಬೇಕು’ ಕೈಮುಗಿದೂ ಮಾತಾಡುತ್ತದೆ. ಮನ್ನಿಸಬೇಕು, ದಯಮಾಡಿಸಬೇಕು, ಆಶೀರ್ವದಿಸಬೇಕು, ಮಂಜೂರು ಮಾಡಬೇಕಾಗಿ ವಿನಂತಿ. ಕೆಳಗಿನವನು ಮೇಲಿನವರಿಗೆ ಹೇಳಿದಾಗ ಅದೇ ಪದ ಬಿನ್ನಹವಾಗುತ್ತದೆ, ಮೇಲಿನವರು ಕೆಳಗಿನವನಿಗೆ ಹೇಳಿದಾಗ ಅಪ್ಪಣೆಯಾಗುತ್ತದೆ. ಇಂಗ್ಲಿಷಿನ ‘ಮಸ್ಟ್’ ಊಟಕ್ಕೆ ಕರೆಯುವಾಗ ಮಾತ್ರ ಪ್ರೀತಿಯ ಒತ್ತಾಯವಾಗುತ್ತದೆ. ಅರ್ಜಿಯಲ್ಲಿ ಅದಕ್ಕೆ ಆ ಮೃದುತ್ವವಿಲ್ಲ. ಆ ಹುಡುಗನನ್ನು ಗದರಿಸದೆ, ಬಿನ್ನಹದ ‘ಬೇಕು’ ಯಾವುದು, ಕಡ್ಡಾಯದ ‘ಬೇಕು’ ಯಾವುದು ಎಂದು ಬೇರ್ಪಡಿಸಿ ತೋರಿಸಿದರೆ ಪಾಠ ಮುಗಿಯಿತು.

ಮಕ್ಕಳ ಪಾಠ ಅಲ್ಲಿಗೆ ಮುಗಿದರೂ ದೊಡ್ಡವರ ಪಾಠ ಅಲ್ಲಿಂದಲೇ ಶುರುವಾಗುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಾವು ಗಡಿಯವರು ದಶಕಗಳಿಂದ ಬಿನ್ನಹದ ‘ಬೇಕು’ವಿನಲ್ಲಿ ಅರ್ಜಿ ಬರೆಯುತ್ತಿದ್ದೇವೆ. ಕನ್ನಡ ಶಿಕ್ಷಕರನ್ನು ಕೊಡಬೇಕಾಗಿ ವಿನಂತಿ, ಪಠ್ಯಪುಸ್ತಕ ವೇಳೆಗೆ ತಲುಪಿಸಬೇಕಾಗಿ ಪ್ರಾರ್ಥನೆ. ಉತ್ತರ ಕೊಡಬೇಕಾದ ಕಡೆಯಲ್ಲಿರುವ ಕಾಗದ ಮಾತ್ರ ಇಂಗ್ಲಿಷಿನ ‘ಶಲ್’ನಲ್ಲಿದೆ.

ಸ್ವಲ್ಪ ಚರಿತ್ರೆ ಹೇಳಬೇಕು. ಮಕ್ತಲ್, ನಾರಾಯಣಪೇಟೆ ಹೈದರಾಬಾದ್ ಸಂಸ್ಥಾನದ ಕಾಲದಿಂದಲೂ ಮಹಬೂಬನಗರ ಜಿಲ್ಲೆಯಲ್ಲಿದ್ದವು. ಗದ್ವಾಲದ ಕತೆ ಬೇರೆ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳನ್ನು ಆಂಧ್ರಪ್ರದೇಶಕ್ಕೆ ಸೇರಿಸಿತು. ಆ ವರ್ಷದ ನವೆಂಬರ್ 1ರಂದು ನಾವು ಒಂದು ಕಡೆಗೆ, ರಾಯಚೂರು ಇನ್ನೊಂದು ಕಡೆಗೆ ಆದೆವು. ಆಮೇಲೆ 2014ರಲ್ಲಿ ಆಂಧ್ರಪ್ರದೇಶ ಒಡೆದು ನಾವು ತೆಲಂಗಾಣದವರಾದೆವು, 2016ರಲ್ಲಿ ಜೋಗುಳಾಂಬಾ ಗದ್ವಾಲ ಜಿಲ್ಲೆಯಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಕೃಷ್ಣಾ ರೈಲು ನಿಲ್ದಾಣದಲ್ಲಿ ಇಳಿದರೆ ಇಂದಿಗೂ ಕಿವಿಗೆ ಬೀಳುವ ಮೊದಲ ಮಾತು ಕನ್ನಡವೇ.

ಪುನರ್ವಿಂಗಡಣೆ ಮಾಡಿದವರಿಗೆ ಹೀಗೆ ಗೆರೆಯಾಚೆ ಉಳಿಯುವವರ ಅರಿವಿತ್ತು. ಅದೇ 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350-ಎ ಮತ್ತು 350-ಬಿ ಎಂಬ ಎರಡು ಅನುಚ್ಛೇದಗಳು ಸೇರಿದವು. ಮೊದಲನೆಯದರ ತಿರುಳು ಇದು: ಭಾಷಿಕ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣಕ್ಕೆ ತಕ್ಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರತಿ ಸ್ಥಳೀಯ ಪ್ರಾಧಿಕಾರವೂ ಪ್ರಯತ್ನಿಸತಕ್ಕದ್ದು, ಅದಕ್ಕಾಗಿ ರಾಷ್ಟ್ರಪತಿಗಳು ರಾಜ್ಯಕ್ಕೆ ನಿರ್ದೇಶನ ನೀಡಬಹುದು. ಎರಡನೆಯದು, ಭಾಷಿಕ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿ ಇರತಕ್ಕದ್ದು. 1957ರಿಂದ ಆ ಅಧಿಕಾರಿಯ ಕಚೇರಿ ನಡೆದುಕೊಂಡು ಬಂದಿದೆ.

ಈ ‘ತಕ್ಕದ್ದು’ ಇಂಗ್ಲಿಷ್ ಪಾಠದಲ್ಲಿ ‘ಶಲ್’. ನಮ್ಮ ಶಾಲೆಗಳಲ್ಲಿ ‘ಶಲ್’ ಕಲಿಸುವ ಹಳೆಯ ರೂಢಿ ಏನು? ‘ಐ’, ‘ವೀ’ ಬಂದರೆ ಶಲ್, ಉಳಿದವಕ್ಕೆ ವಿಲ್, ಎರಡೂ ಭವಿಷ್ಯತ್ಕಾಲ. ರೆನ್ ಮತ್ತು ಮಾರ್ಟಿನ್ ವ್ಯಾಕರಣದ ಕಾಲದಿಂದ ಬಂದ ಪಾಠ ಇದು, ಮಕ್ಕಳ ತಲೆಯಲ್ಲಿ ಉಳಿಯುವುದೂ ಇಷ್ಟೇ. ಆ ತಿಳಿವಳಿಕೆಯಲ್ಲಿ ಬೆಳೆದವರು ಮುಂದೆ 350-ಎ ಓದಿದರೆ, ರಾಜ್ಯ ಎಂದೋ ಒಂದು ದಿನ ಸೌಲಭ್ಯ ಕೊಡಲಿದೆ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಕರ್ತವ್ಯ ಕಾಲಜ್ಞಾನವಾಗಿಬಿಡುತ್ತದೆ. ‘ಶಲ್’ನ ಮೂಲವೇ ಸಾಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ತೀರಿಸಬೇಕಾದದ್ದು ಇದೆ’ ಎಂಬ ಅರ್ಥವಿತ್ತು. ‘ಆಟ್’ ಕೂಡ ‘ಓ’ ಎಂಬ ಸಾಲದ ಕ್ರಿಯಾಪದದ ಹಳೆಯ ಭೂತರೂಪ. ಕಾನೂನಿನಲ್ಲಿ ಆ ಹಳೆಯ ಬಲ ಇನ್ನೂ ಉಳಿದಿದೆ.

ಎಷ್ಟು ಉಳಿದಿದೆ ಎಂಬುದನ್ನು ಮುಚ್ಚಿಡದೆ ಹೇಳಬೇಕು. ‘ಶಲ್’ ಇದ್ದ ಕಡೆಯೆಲ್ಲ ಕಡ್ಡಾಯ ಎಂದು ನಮ್ಮ ನ್ಯಾಯಾಲಯಗಳು ಒಪ್ಪಿಲ್ಲ. 1957ರಲ್ಲಿ ಉತ್ತರ ಪ್ರದೇಶ ಸರ್ಕಾರ ಮತ್ತು ಮನಬೋಧನ್ ಲಾಲ್ ಶ್ರೀವಾಸ್ತವ ನಡುವಿನ ಪ್ರಕರಣದಲ್ಲಿ, ಲೋಕಸೇವಾ ಆಯೋಗವನ್ನು ಸಮಾಲೋಚಿಸತಕ್ಕದ್ದು ಎಂಬ ಸಂವಿಧಾನದ ಮಾತಿನಲ್ಲಿ ‘ಶಲ್’ ಇದ್ದರೂ ಅದು ನಿರ್ದೇಶಕ ಮಾತ್ರ, ಅದನ್ನು ಪಾಲಿಸದಿದ್ದರೆ ಕ್ರಮ ರದ್ದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹಾಗೆಯೇ ಅಧಿಕಾರದ ಜೊತೆ ಕರ್ತವ್ಯವೂ ಕೂಡಿದ್ದರೆ ‘ಬಹುದು’ ಎನ್ನುವ ‘ಮೇ’ಯನ್ನು ಕಡ್ಡಾಯವೆಂದು ಓದಿದ ತೀರ್ಪುಗಳೂ ಇವೆ. ಈ ಗೊಂದಲ ಬೇಡವೆಂದೇ ದಕ್ಷಿಣ ಆಫ್ರಿಕಾ 1996ರ ತನ್ನ ಸಂವಿಧಾನದಲ್ಲಿ ‘ಶಲ್’ ಬಿಟ್ಟು ‘ಮಸ್ಟ್’ ಹಿಡಿಯಿತು. ದಿನಬಳಕೆಯ ಇಂಗ್ಲಿಷಂತೂ ಬೇರೆಯೇ ದಾರಿ ಹಿಡಿದಿದೆ. 1961 ಮತ್ತು 1991ರ ಆಸುಪಾಸಿನ ಬರಹಗಳ ಸಂಗ್ರಹಗಳನ್ನು ಹೋಲಿಸಿದ ಭಾಷಾವಿಜ್ಞಾನಿ ಜೆಫ್ರಿ ಲೀಚ್, ಮಸ್ಟ್, ಶಲ್, ಆಟ್ ಮೂರರ ಬಳಕೆಯೂ ಕುಗ್ಗಿದ್ದನ್ನು ತೋರಿಸಿದರು. ‘ನೀಡ್ ಟು’ ಅದೇ ಕಾಲದಲ್ಲಿ ಏರಿತು. ನಮ್ಮ ಮಕ್ಕಳು ಮೊಬೈಲಿನಲ್ಲಿ ಕೇಳುವ ಇಂಗ್ಲಿಷ್ ಒಂದು, ಅವರ ಹಕ್ಕು ಬರೆದಿರುವ ಇಂಗ್ಲಿಷ್ ಇನ್ನೊಂದು. ಎರಡನ್ನೂ ಕಲಿಸಬೇಕು.

350-ಎ ಯಲ್ಲಿ ನನ್ನ ಕಣ್ಣು ನಿಲ್ಲುವುದು ‘ಪ್ರಯತ್ನ’ದ ಮೇಲೆ. ‘ಒದಗಿಸತಕ್ಕದ್ದು’ ಎನ್ನದೆ ‘ಒದಗಿಸಲು ಪ್ರಯತ್ನಿಸತಕ್ಕದ್ದು’ ಎಂದಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವೂ ಹಾಗೆಯೇ: ಬೋಧನಾ ಮಾಧ್ಯಮ ‘ಸಾಧ್ಯವಾದಷ್ಟು ಮಟ್ಟಿಗೆ’ ಮಗುವಿನ ಮಾತೃಭಾಷೆಯಾಗಿರತಕ್ಕದ್ದು. ‘ಶಲ್’ ಕೊಟ್ಟದ್ದನ್ನು ಪಕ್ಕದ ಎರಡು ಪದಗಳು ಅರ್ಧ ಹಿಂತೆಗೆದುಕೊಳ್ಳುತ್ತವೆ. ಇದರ ಪಕ್ಕದಲ್ಲಿ 2018ರ ತೆಲಂಗಾಣದ ತೆಲುಗು ಕಡ್ಡಾಯ ಬೋಧನೆ ಮತ್ತು ಕಲಿಕೆ ಕಾಯ್ದೆಯನ್ನಿಡಿ. ಒಂದರಿಂದ ಹತ್ತರವರೆಗೆ ಹಂತ ಹಂತವಾಗಿ ತೆಲುಗು. ಅಲ್ಲಿ ಶೀರ್ಷಿಕೆಯಲ್ಲೇ ‘ಕಡ್ಡಾಯ’ ಇದೆ, ಪ್ರಯತ್ನದ ಮಾತಿಲ್ಲ. ನಮ್ಮ ಮಕ್ಕಳು ತೆಲುಗು ಕಲಿಯಬೇಕು ಎಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆಳುವ ಭಾಷೆ, ನೆರೆಯವರ ಭಾಷೆ, ಸೊಗಸಾದ ಭಾಷೆ. ಒಂದೇ ತರಗತಿಯ ಒಂದೇ ಮಗುವಿನ ಮೇಲೆ ಎರಡು ಕಾನೂನುಗಳ ಭಾರ ಎಷ್ಟು ಬೇರೆ ಎಂಬುದನ್ನು ಮಾತ್ರ ತೋರಿಸುತ್ತಿದ್ದೇನೆ. ತೂಕ ತಿಳಿದವರು ಕೇಳುವಾಗ ಸರಿಯಾದ ಕಡೆ ಒತ್ತಿ ಕೇಳುತ್ತಾರೆ.

‘ಪ್ರಯತ್ನ’ಕ್ಕೂ ಅಳತೆ ಇಲ್ಲದೇ ಇಲ್ಲ. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ, ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಆ ಭಾಷೆಯವರಿದ್ದರೆ ಕನಿಷ್ಠ ಒಬ್ಬ ಶಿಕ್ಷಕರನ್ನು ನೇಮಿಸಬೇಕೆಂದು ಒಪ್ಪಿತು. ಭಾಷಿಕ ಅಲ್ಪಸಂಖ್ಯಾತರ ರಕ್ಷಣೆಯ ಮಾತು ಬಂದಾಗಲೆಲ್ಲ ಇಂದಿಗೂ ಉಲ್ಲೇಖವಾಗುವ ಅಳತೆ ಅದೇ. ನಿಮ್ಮ ಊರಿನ ಶಾಲೆಯ ಹಾಜರಿ ಪುಸ್ತಕವನ್ನು ಆ ಎರಡು ಅಂಕಿಗಳ ಪಕ್ಕದಲ್ಲಿಟ್ಟು ನೋಡಿ.

ಒದಗಿಸುವ ಕರ್ತವ್ಯ ಸರ್ಕಾರದ್ದು, ಆರಿಸುವ ಹಕ್ಕು ಪಾಲಕರದ್ದು. ಕರ್ನಾಟಕ ಸರ್ಕಾರ ಮತ್ತು ಇಂಗ್ಲಿಷ್ ಮಾಧ್ಯಮ ಶಾಲೆಗಳ ಆಡಳಿತ ಮಂಡಳಿಗಳ ನಡುವಿನ ಪ್ರಕರಣದಲ್ಲಿ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನೇ ಹೇಳಿತು: 350-ಎ ಸೌಲಭ್ಯ ಒದಗಿಸಲು ಹೇಳುತ್ತದೆ, ಮಾತೃಭಾಷೆಯಲ್ಲೇ ಕಲಿಯಿರಿ ಎಂದು ಒತ್ತಾಯಿಸುವ ಅಧಿಕಾರ ಕೊಡುವುದಿಲ್ಲ. ಆ ತೀರ್ಪಿನಿಂದ ಕನ್ನಡಿಗರಾದ ನಮಗೆ ನೋವಾದದ್ದು ನಿಜ. ಆದರೆ ಗಡಿಯಲ್ಲಿ ನಿಂತು ಓದಿದರೆ ಅದರ ಮೊದಲರ್ಧ ನಮ್ಮ ಪರವಾಗಿದೆ. ನಾವು ಯಾರ ಮೇಲೂ ಕನ್ನಡ ಹೇರುತ್ತಿಲ್ಲ. ಬಾಗಿಲು ತೆರೆದಿಡಿ ಎನ್ನುತ್ತಿದ್ದೇವೆ.

ಮನೆಯೊಳಗೂ ‘ಶಲ್’ ಬಂದಿದೆ. ಗದ್ವಾಲದ ಸುತ್ತಮುತ್ತ ಹತ್ತಿ ಬೀಜೋತ್ಪಾದನೆ ದೊಡ್ಡ ಕಸುಬು. ಕಂಪನಿ, ನಡುವೆ ಆರ್ಗನೈಸರ್, ಕೆಳಗೆ ರೈತ. ಒಪ್ಪಂದದ ಕಾಗದಗಳ ಇಂಗ್ಲಿಷಿನಲ್ಲಿ ಸಹಿ ಹಾಕುವ ಮುನ್ನ ನೋಡಬೇಕಾದದ್ದು, ಯಾರ ಹೆಸರಿನ ಮುಂದೆ ‘ಶಲ್’ ಇದೆ, ಯಾರ ಹೆಸರಿನ ಮುಂದೆ ‘ಮೇ’ ಇದೆ ಎಂಬುದನ್ನು. ‘ಶಲ್’ ಇದ್ದವನು ಮಾಡಲೇಬೇಕು, ‘ಮೇ’ ಇದ್ದವನು ಮನಸ್ಸಿದ್ದರೆ ಮಾಡುತ್ತಾನೆ. ಹತ್ತನೆಯ ತರಗತಿ ಮುಗಿಸಿದ ಮಗಳು ಈ ಎರಡು ಪದಗಳ ಕೆಳಗೆ ಗೆರೆ ಎಳೆದು ಅಪ್ಪನಿಗೆ ತೋರಿಸಬಲ್ಲಳಾದರೆ ಅವಳ ಇಂಗ್ಲಿಷ್ ಕಲಿಕೆ ಸಾರ್ಥಕ.

ಶಿಕ್ಷಕ ಮಿತ್ರರಲ್ಲಿ ಒಂದು ಕೇಳಿಕೆ. ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಕರಿಹಲಗೆಯ ಎಡಕ್ಕೆ ಬೇಕು, ಬೇಕಾಗಿದೆ, ಬೇಕಾಯಿತು, ಬೇಕಿತ್ತು, ಬಾರದು, ಬೇಕಿಲ್ಲ, ತಕ್ಕದ್ದು ಎಂದು ಬರೆದು, ಬಲಕ್ಕೆ ಮಕ್ಕಳಿಂದಲೇ ಇಂಗ್ಲಿಷ್ ಹೇಳಿಸಿ. ವಾಕ್ಯಗಳು ಲಂಡನ್ನಿನವು ಆಗುವುದು ಬೇಡ. ಜುರಾಲದ ಕಾಲುವೆ, ಕೃಷ್ಣೆಯ ಪುಟ್ಟಿ, ನಾರಾಯಣಪೇಟೆಯ ಮಗ್ಗ ಇವುಗಳಿಂದಲೇ ಬರಲಿ. ‘ಶಲ್’ ಪಾಠದ ದಿನ 350-ಎ ಯನ್ನು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಗೋಡೆಗೆ ಅಂಟಿಸಿ.

ಪಾಲಕರಲ್ಲಿ ಇನ್ನೊಂದು. ತಮ್ಮ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಪ್ರತಿಯೊಬ್ಬರೂ ಹಕ್ಕುಳ್ಳವರೆಂದು ಸಂವಿಧಾನದ 350ನೆಯ ಅನುಚ್ಛೇದ ಹೇಳುತ್ತದೆ. ಅಲ್ಲಿಯೂ ‘ಶಲ್’ ಇದೆ, ‘ಪ್ರಯತ್ನ’ ಇಲ್ಲ. ಆದ್ದರಿಂದ ಮುಂದಿನ ಮನವಿಯನ್ನು ಕನ್ನಡದಲ್ಲೇ ಬರೆಯಿರಿ, ಜೊತೆಗೆ ಒಂದು ತೆಲುಗು ಅನುವಾದ ಲಗತ್ತಿಸಿ, ತಲೆಬರಹದಲ್ಲಿ 350 ಮತ್ತು 350-ಎ ಎರಡನ್ನೂ ನಮೂದಿಸಿ, ಮಕ್ಕಳ ಸಂಖ್ಯೆಯನ್ನು ಹಾಜರಿ ಪುಸ್ತಕದಿಂದ ತೆಗೆದು ಹಾಕಿ, ಕಚೇರಿಯ ಮೊಹರು ಬಿದ್ದ ಸ್ವೀಕೃತಿ ಪಡೆಯದೆ ಹಿಂತಿರುಗಬೇಡಿ.